ಬಟ್ಟಲು ಹಿಡಿದ ಎಡಗೈ

(ನಮ್ಮೂರಿನ ಗ್ರಂಥಾಲಯದ ಸಭಾಂಗಣದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಮರೆತ ಒಂದೆರಡು ಸಂಗತಿಗಳನ್ನು ಇಲ್ಲಿ ಸೇರಿಸಿದ್ದೇನೆ. ಮೈಕು ಕೈಕೊಟ್ಟಾಗ ಹೇಳಿದ ಹರಟೆಯನ್ನು ಬಿಟ್ಟಿದ್ದೇನೆ.)

ಹಿರಿಯರೇ, ಗೆಳೆಯರೇ,

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು 'ಜಪಾನಿನ ಊಟದ ಶಿಷ್ಟಾಚಾರ ಮತ್ತು ಚಾಪ್‌ಸ್ಟಿಕ್ ಹಿಡಿಯುವ ಕ್ರಮ' ಎಂದು ಅಚ್ಚು ಹಾಕಿಸಿದ್ದಾರೆ. ಮುಂದಿನ ಸಾಲಿನ ಮಕ್ಕಳ ಕೈಯಲ್ಲಿ ಆಗಲೇ ಪೆನ್ಸಿಲುಗಳು ಜೋಡಿಯಾಗಿ ಕುಣಿಯುತ್ತಿವೆ. ಅವರು ಸ್ವಲ್ಪ ಕಾಯಬೇಕು. ಕಡ್ಡಿ ಹಿಡಿಯುವುದನ್ನು ಕಲಿಸಲು ಹತ್ತು ನಿಮಿಷ ಸಾಕು, ಸಭೆ ಮುಗಿದ ಮೇಲೆ ಕಲಿಸುತ್ತೇನೆ. ನನಗೆ ಮಾತನಾಡಬೇಕಾಗಿರುವುದು ಬಟ್ಟಲಿನ ಬಗ್ಗೆ, ಅದನ್ನು ಹಿಡಿಯುವ ಎಡಗೈಯ ಬಗ್ಗೆ.

ನಾನು ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನಲ್ಲಿ ಬೆಳೆದವನು. ನೇಯ್ಗೆ ಯಂತ್ರಗಳ ಕೆಲಸದ ಮೇಲೆ ಜಪಾನಿನ ಫುಕುಯಿಯಲ್ಲಿ ನಾಲ್ಕು ವರ್ಷ ಇದ್ದೆ. ಜಪಾನ್ ಸಮುದ್ರದ ಕಡೆಗಿರುವ ಊರು, ಚಳಿಗಾಲದಲ್ಲಿ ಹಿಮ ಸುರಿಯುತ್ತದೆ, ಹಿಂದಿನಿಂದಲೂ ಬಟ್ಟೆಯ ಕೆಲಸಕ್ಕೆ ಹೆಸರಾದದ್ದು. ಬಾಡಿಗೆ ಮನೆಯ ಮಾಲೀಕರನ್ನು ಅಲ್ಲಿ 'ಓಯಾಸಾನ್' ಎನ್ನುತ್ತಾರೆ. ನಮ್ಮ ಓಯಾಸಾನ್ ಎಪ್ಪತ್ತು ದಾಟಿದ ಒಂಟಿ ಹೆಂಗಸು. ನಾನು ಹೋದ ವಾರದಲ್ಲೇ ಊಟಕ್ಕೆ ಕರೆದರು. ನನಗೆ ಹೆದರಿಕೆಯಿರಲಿಲ್ಲ. ಊರು ಬಿಡುವ ಮುಂಚೆ ಒಂದು ತಿಂಗಳು ಕಡಲೆಕಾಯಿ ಬೀಜಗಳನ್ನು ಒಂದೊಂದಾಗಿ ಕಡ್ಡಿಯಿಂದ ಎತ್ತಿ ಅಭ್ಯಾಸ ಮಾಡಿಕೊಂಡಿದ್ದೆ. ಆ ದಿನ ಒಂದಗುಳೂ ಬೀಳಿಸದೆ ಊಟ ಮುಗಿಸಿದೆ. ಶಹಬ್ಬಾಸ್ ಎನ್ನುತ್ತಾರೆಂದು ನಾನು ಕಾದಿದ್ದರೆ, ಆ ತಾಯಿ ಬಹಳ ಕಾಳಜಿಯಿಂದ ಕೇಳಿದರು: "ನಿಮ್ಮ ಎಡಗೈಗೆ ನೋವೇ?"

ನನ್ನ ಎಡಗೈ ಮಡಿಲಲ್ಲಿತ್ತು. ನಮ್ಮಜ್ಜಿ ಕಲಿಸಿದ ಜಾಗ ಅದು. ಊಟಕ್ಕೆ ಕುಳಿತಾಗ ಎಡಗೈ ತಟ್ಟೆಯ ಹತ್ತಿರ ಸುಳಿದರೆ ಅಜ್ಜಿಯ ಕಣ್ಣು ಕೆಂಪಾಗುತ್ತಿತ್ತು. ಆ ಪಾಠವನ್ನು ನಾನು ಫುಕುಯಿಗೂ ಒಯ್ದಿದ್ದೆ. ಬಟ್ಟಲು ಮೇಜಿನ ಮೇಲೆಯೇ ಇತ್ತು, ನಾನು ಬಗ್ಗಿ ಬಗ್ಗಿ ತಿಂದಿದ್ದೆ. ಅವರ ಭಾಷೆಯಲ್ಲಿ ಅದಕ್ಕೆ 'ಇನುಗುಯಿ' ಎಂದು ಹೆಸರು. ಇನು ಎಂದರೆ ನಾಯಿ. ನಾಯಿಯ ಹಾಗೆ ಬಟ್ಟಲಿಗೇ ಬಾಯಿ ಹಾಕುವುದು ಎಂದರ್ಥ. ಆಕೆ ಆ ಪದವನ್ನು ಬಳಸಲಿಲ್ಲ. ಮೈಮೇಲೆ ಪ್ರಜ್ಞೆಯಿರುವ ಮನುಷ್ಯ ಹಾಗೆ ತಿನ್ನಲಾರ, ಕೈಗೆ ಪೆಟ್ಟಾಗಿರಬೇಕು ಎಂದು ನಿಜವಾಗಿಯೂ ಭಾವಿಸಿದ್ದರು.

ಜಪಾನಿನಲ್ಲಿ ಅನ್ನದ ಬಟ್ಟಲು, ಸಾರಿನ ಬಟ್ಟಲು ಎರಡನ್ನೂ ಎಡಗೈಯಲ್ಲಿ ಎತ್ತಿ ಎದೆಯ ಮಟ್ಟಕ್ಕೆ ತಂದು ಉಣ್ಣಬೇಕು. ಹೆಬ್ಬೆರಳು ಅಂಚಿನ ಮೇಲೆ, ಉಳಿದ ನಾಲ್ಕು ಬೆರಳು ತಳದ ಬಳೆಯ ಕೆಳಗೆ. ಆ ಬಳೆಯನ್ನು ಮಾಡಿರುವುದೇ ಬೆರಳಿಗೆ ಬಿಸಿ ತಾಗದಿರಲೆಂದು ಅನ್ನಿಸುವಷ್ಟು ಅನುಕೂಲವಾಗಿರುತ್ತದೆ. ಮೀನಿನ ತಟ್ಟೆ, ಎಲ್ಲರಿಗೂ ಸೇರಿದ ದೊಡ್ಡ ಪಾತ್ರೆ ಇವನ್ನು ಮಾತ್ರ ಎತ್ತುವುದಿಲ್ಲ. ಸಮುದ್ರ ದಾಟಿ ಕೊರಿಯಾಕ್ಕೆ ಹೋದರೆ ಇದು ತಲೆಕೆಳಗು: ಅಲ್ಲಿ ಬಟ್ಟಲನ್ನು ಮೇಜಿನಿಂದ ಎತ್ತುವುದೇ ಅಸಭ್ಯ.

ಇದಕ್ಕೆ ಕಾರಣ ಚಮಚ. ಕೊರಿಯಾದವರು ಅನ್ನಕ್ಕೂ ಸಾರಿಗೂ ಚಮಚವನ್ನು ಉಳಿಸಿಕೊಂಡರು, ಜಪಾನಿನವರು ಕೈಬಿಟ್ಟರು. ಜಪಾನಿನ ಹಳೆಯ ರಾಜಧಾನಿ ನಾರಾದ ಶೋಸೋಯಿನ್ ಭಂಡಾರದಲ್ಲಿ 8ನೇ ಶತಮಾನದ ಲೋಹದ ಚಮಚಗಳು ರಾಶಿಯಾಗಿ ಉಳಿದಿವೆ. ಅಂದಿನ ಆಸ್ಥಾನದವರು ಚೀನಾದ ರೀತಿಯಲ್ಲಿ ಚಮಚವನ್ನೂ ಕಡ್ಡಿಯನ್ನೂ ಇಟ್ಟುಕೊಂಡು ಉಣ್ಣುತ್ತಿದ್ದರು. ಜನಸಾಮಾನ್ಯರ ಮನೆಯಲ್ಲಿ ಮರದ ಕಡ್ಡಿ ಮಾತ್ರ ಬೇರೂರಿತು. ಚಮಚವಿಲ್ಲದ ಮೇಲೆ ಸಾರು ಬಾಯಿಗೆ ಹೋಗುವುದು ಹೇಗೆ? ಬಟ್ಟಲೇ ಬಾಯಿಯ ಬಳಿಗೆ ಬರಬೇಕು. ಜೊತೆಗೆ, ಮೊನ್ನೆ ಮೊನ್ನೆಯವರೆಗೂ ಪ್ರತಿಯೊಬ್ಬರ ಮುಂದೆ ಒಂದೊಂದು ಗಿಡ್ಡ ಮಣೆಯ ಮೇಲೆ ಊಟ ಬಡಿಸುತ್ತಿದ್ದರು. 'ಜೆನ್' ಎನ್ನುವ ಆ ಮಣೆ ನೆಲದಿಂದ ಅಷ್ಟೇನೂ ಮೇಲಿರುವುದಿಲ್ಲ. ಮಂಡಿಯೂರಿ ಬೆನ್ನು ನೆಟ್ಟಗೆ ಮಾಡಿ ಕುಳಿತವನಿಗೆ ಅನ್ನ ಮೊಣಕಾಲಿನ ಹತ್ತಿರ. ಇಂದಿಗೂ ಕಡ್ಡಿಗಳನ್ನು 'ಒಂದು ಜೆನ್, ಎರಡು ಜೆನ್' ಎಂದೇ ಎಣಿಸುತ್ತಾರೆ. ಮಣೆ ಹೋಯಿತು, ಲೆಕ್ಕ ಉಳಿಯಿತು.

ಬಿಸಿ ಸಾರನ್ನು ಕೈಯಲ್ಲಿ ಹಿಡಿಯಬೇಕಾದರೆ ಬಟ್ಟಲು ಲೋಹದ್ದಾಗಿರಬಾರದು. ಫುಕುಯಿಯ ಪಕ್ಕದಲ್ಲೇ ಇರುವ ಸಬಾಎ ಎಂಬ ಊರಿನಲ್ಲಿ ಮರವನ್ನು ಕಡೆದು, ಅರಗಿನಂಥ ಉರುಶಿ ಮರದ ರಸವನ್ನು ಪದರಪದರವಾಗಿ ಬಳಿದು ಬಟ್ಟಲು ಮಾಡುತ್ತಾರೆ. ಒಳಗೆ ಕುದಿಯುವ ಮಿಸೊ ಸಾರು (ಹುದುಗಿಸಿದ ಸೋಯಾ ಕಾಳಿನ ಸಾರು) ಇದ್ದರೂ ಹೊರಗೆ ಹಿತವಾದ ಬೆಚ್ಚಗು. ಅಂಗೈಯಲ್ಲಿ ಹಕ್ಕಿಮರಿ ಕುಳಿತ ಹಾಗೆ. ಮುಚ್ಚಳ ಅಂಟಿಕೊಂಡಿದ್ದರೆ ಜೋರು ಮಾಡಬಾರದು. ಬಟ್ಟಲಿನ ಬದಿಗಳನ್ನು ಎಡಗೈಯಿಂದ ಮೆಲ್ಲಗೆ ಒತ್ತಿದರೆ ಗಾಳಿ ಒಳಸರಿದು ತಾನೇ ಬಿಡುತ್ತದೆ.

ಆಳವಾದ ಬಟ್ಟಲಿಗೆ ಅವರು 'ಹಚಿ' ಎನ್ನುತ್ತಾರೆ. ಇದು ನಮ್ಮ 'ಪಾತ್ರ'. ಬೌದ್ಧ ಭಿಕ್ಷುಗಳ ಭಿಕ್ಷಾಪಾತ್ರೆ ಚೀನಾಕ್ಕೆ ಹೋಗಿ, ಹೆಸರು ಸವೆದು ಸವೆದು, ಜಪಾನಿಗೆ ಬರುವ ಹೊತ್ತಿಗೆ ಹಚಿಯಾಯಿತು. ಈಗ ಹೂಕುಂಡವೂ ಹಚಿಯೇ.

ಎಡಗೈಯನ್ನು ಸುಮ್ಮನೆ ಬಿಡಬಾರದು ಎಂದು ತಿಳಿದ ಮೇಲೆ ನಾನು ಇನ್ನೊಂದು ತಪ್ಪು ಮಾಡಿದೆ. ಸಾಸ್ ಜಿನುಗುವ ತುಂಡನ್ನು ಬಾಯಿಗೆ ಒಯ್ಯುವಾಗ ಕೆಳಗೆ ಎಡ ಅಂಗೈ ಒಡ್ಡಿದೆ, ತೀರ್ಥಕ್ಕೆ ಒಡ್ಡುವ ಹಾಗೆ. ನೋಡಲು ಎಷ್ಟು ವಿನಯ! ಓಯಾಸಾನ್ ಮಾತಾಡದೆ ಒಂದು ಪುಟ್ಟ ತಟ್ಟೆಯನ್ನು ನನ್ನ ಕಡೆ ಸರಿಸಿದರು. ಕೈಯನ್ನೇ ತಟ್ಟೆ ಮಾಡುವುದಕ್ಕೆ 'ತೆಜರ' ಎನ್ನುತ್ತಾರೆ, ಟೀವಿಯ ಅಡುಗೆ ಕಾರ್ಯಕ್ರಮಗಳಲ್ಲಿ ಎಲ್ಲರೂ ಮಾಡುತ್ತಾರೆ, ಆದರೂ ತಪ್ಪು. ಬೀಳುವುದಿದ್ದರೆ ತಟ್ಟೆಗೆ ಬೀಳಲಿ. ಅಂಗೈಗೆ ಬಿದ್ದರೆ ಮುಂದೇನು ಮಾಡುತ್ತೀರಿ?

ಈಗ ಕಡ್ಡಿಗೆ ಬರೋಣ. ಕಡ್ಡಿಗೆ 'ಹಶಿ' ಎಂದು ಹೆಸರು. ಅದು ಜಪಾನಿನಲ್ಲಿ ಹುಟ್ಟಿದ್ದಲ್ಲ. 3ನೇ ಶತಮಾನದ ಜಪಾನನ್ನು ವರ್ಣಿಸುವ ಚೀನಾದ ಇತಿಹಾಸ ಗ್ರಂಥ ಅಲ್ಲಿನ ಜನ ಕೈಯಲ್ಲೇ ಉಣ್ಣುತ್ತಾರೆ ಎಂದು ದಾಖಲಿಸಿದೆ. 607ರಲ್ಲಿ ಒನೊ ನೊ ಇಮೊಕೊ ಎಂಬ ರಾಯಭಾರಿ ಚೀನಾದ ಸುಯಿ ಆಸ್ಥಾನಕ್ಕೆ ಹೋಗಿ ಬಂದ ಮೇಲೆ ಅರಮನೆಯಲ್ಲಿ ಕಡ್ಡಿಯ ರೂಢಿ ಬಂದಿತೆಂದು ಹೇಳುವುದು ವಾಡಿಕೆ. 712ರಲ್ಲಿ ಸಂಕಲಿತವಾದ 'ಕೊಜಿಕಿ' ಪುರಾಣದಲ್ಲಂತೂ ಕಡ್ಡಿಗೆ ಸೊಗಸಾದ ಪ್ರವೇಶವಿದೆ. ಸ್ವರ್ಗದಿಂದ ಹೊರಹಾಕಿಸಿಕೊಂಡ ಸುಸಾನೊ ಎಂಬ ದೇವರು ಇಜುಮೊ ಸೀಮೆಯ ನದಿಯ ದಂಡೆಯಲ್ಲಿ ನಿಂತಿದ್ದಾನೆ. ನೀರಿನಲ್ಲಿ ಒಂದು ಹಶಿ ತೇಲಿ ಬರುತ್ತದೆ. ಓಹೋ, ಮೇಲುಗಡೆ ಮನುಷ್ಯರಿದ್ದಾರೆ ಎಂದು ಅವನು ಹೊಳೆಯಗುಂಟ ಹತ್ತಿ ಹೋಗುತ್ತಾನೆ. ಅಲ್ಲಿ ಎಂಟು ತಲೆಯ ಸರ್ಪ, ಅಳುವ ತಂದೆತಾಯಿ, ಮುಂದಿನದು ನಮ್ಮ ಬಕಾಸುರನ ಕಥೆಯ ಹಾಗೆಯೇ. ನನಗೆ ಇಷ್ಟವಾಗುವುದು ಮೊದಲ ದೃಶ್ಯ. ಹೊಗೆಯಿಂದಲ್ಲ, ಹೆಜ್ಜೆಗುರುತಿನಿಂದಲ್ಲ, ಊಟದ ಕಡ್ಡಿಯಿಂದ ಮನುಷ್ಯನ ಸುಳಿವು ಸಿಗುತ್ತದೆ.

ಚೀನಾದ ಕಡ್ಡಿ ಉದ್ದ, ತುದಿ ಮೊಂಡು. ಕೊರಿಯಾದ್ದು ಲೋಹದ್ದು, ಚಪ್ಪಟೆ. ಜಪಾನಿನದು ಗಿಡ್ಡ, ತುದಿ ಚೂಪು. ಮುಳ್ಳು ಬಿಡಿಸಬೇಕಲ್ಲ! 675ರಲ್ಲಿ ತೆನ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳ ಮಾಂಸವನ್ನು ನಿಷೇಧಿಸಿದ. ಅದರ ನೆರಳು 1868ರಲ್ಲಿ ಶುರುವಾದ ಮೀಜಿ ಚಕ್ರವರ್ತಿಯ ಕಾಲದವರೆಗೂ ಉಳಿಯಿತು. ಅಷ್ಟು ಕಾಲ ಆ ದೇಶ ಮೀನಿನ ಮೇಲೆ ಬದುಕಿತು. ಇಡೀ ಮೀನನ್ನು ತಟ್ಟೆಯಲ್ಲಿ ಇಟ್ಟಾಗ ಮೇಲಿನ ಮಗ್ಗುಲು ತಿಂದು, ಬೆನ್ನೆಲುಬನ್ನು ಎತ್ತಿ ಬದಿಗಿಟ್ಟು, ಕೆಳಗಿನ ಮಗ್ಗುಲಿಗೆ ಕೈ ಹಾಕಬೇಕು. ಮೀನನ್ನು ಮಗುಚಬಾರದು. ಓಯಾಸಾನ್ ಉಂಡೆದ್ದ ಮೇಲೆ ಅವರ ತಟ್ಟೆಯಲ್ಲಿ ಉಳಿಯುತ್ತಿದ್ದ ಮೀನಿನ ಅಸ್ಥಿಪಂಜರವನ್ನು ಶಾಲೆಯ ಪ್ರಯೋಗಾಲಯದಲ್ಲಿ ಇಡಬಹುದಿತ್ತು.

ಉದ್ದದ ಲೆಕ್ಕ ನಮಗೆ ಬಹಳ ಸುಲಭ. ಹೆಬ್ಬೆರಳು ಮತ್ತು ತೋರುಬೆರಳನ್ನು ಅಗಲಿಸಿದಾಗಿನ ಅಂತರವನ್ನು ಅವರು 'ಅತ' ಎನ್ನುತ್ತಾರೆ. ಅದರ ಒಂದೂವರೆ ಪಟ್ಟು ನಿಮ್ಮ ಕೈಗೆ ಒಪ್ಪುವ ಕಡ್ಡಿ. ನಮ್ಮಲ್ಲಿ ಅದಕ್ಕೆ ಪದವಿದೆ: ಚೋಟು. ಅಂದರೆ ಹಶಿ ಒಂದೂವರೆ ಚೋಟಿನದು. ಹಾಗಾಗಿ ಅಪ್ಪನ ಕಡ್ಡಿ ಮಗಳಿಗೆ ಹೊಂದುವುದಿಲ್ಲ. ಮನೆಯಲ್ಲಿ ಪ್ರತಿಯೊಬ್ಬರಿಗೂ ಸ್ವಂತ ಕಡ್ಡಿ, ಸ್ವಂತ ಅನ್ನದ ಬಟ್ಟಲು. ಇನ್ನೊಬ್ಬರದನ್ನು ತೊಳೆದು ಬಳಸಬಹುದಲ್ಲ ಎಂದರೆ ಮುಖ ಸಿಂಡರಿಸುತ್ತಾರೆ. ಎಂಜಲು ಎಂಬ ಪದವನ್ನು ಇಂಗ್ಲಿಷಿನವರಿಗೆ ವಿವರಿಸಲು ನಾನು ಹೆಣಗಾಡಿದ್ದೇನೆ. ಓಯಾಸಾನ್‌ಗೆ ಅದು ಎರಡೇ ವಾಕ್ಯದಲ್ಲಿ ಅರ್ಥವಾಯಿತು. ಎಲ್ಲರಿಗೂ ಸೇರಿದ ತಟ್ಟೆಗೆ ತನ್ನ ಬಾಯಿಯ ಕಡ್ಡಿ ಹಾಕುವುದು 'ಜಿಕಬಶಿ', ಅದು ತಪ್ಪು. ಬಡಿಸಿಕೊಳ್ಳಲು ಬೇರೆ ಕಡ್ಡಿ ಇಟ್ಟಿರುತ್ತಾರೆ.

ಹಶಿ ಹೇಗೆ ಬಶಿಯಾಯಿತು ಎಂದು ಯಾರೋ ಹುಬ್ಬೇರಿಸಿದ್ದು ಕಂಡಿತು. ಮಳೆ ಮತ್ತು ಕಾಲ ಸೇರಿದರೆ ನಾವು ಮಳೆಗಾಲ ಎನ್ನುವುದಿಲ್ಲವೇ? ಅವರಲ್ಲೂ ಒಂದು ಬಗೆಯ ಆದೇಶ ಸಂಧಿಯಿದೆ. ಮೇಷ್ಟರುಗಳು ಖುಷಿಪಡಬಹುದು.

ಈ ಬಶಿಗಳದ್ದೇ ಒಂದು ದೊಡ್ಡ ಪಟ್ಟಿಯಿದೆ. ಒಟ್ಟಾಗಿ 'ಕಿರಾಯಿಬಶಿ', ಅಂದರೆ ಸಲ್ಲದ ಕಡ್ಡಿಗಳು. ಯಾವುದನ್ನು ತಿನ್ನಲೆಂದು ಬಟ್ಟಲಿನಿಂದ ಬಟ್ಟಲಿಗೆ ಅಲೆದಾಡಿಸಿದರೆ ಅದು ದಾರಿ ತಪ್ಪಿದ ಕಡ್ಡಿ. ತುದಿಯಿಂದ ಸಾರು ತೊಟ್ಟಿಕ್ಕಿದರೆ ಕಣ್ಣೀರಿನ ಕಡ್ಡಿ. ಬಟ್ಟಲನ್ನು ಕಡ್ಡಿಯಿಂದ ಎಳೆದುಕೊಳ್ಳುವುದು, ತಳ ಕೆದಕುವುದು, ಕಡ್ಡಿ ನೆಕ್ಕುವುದು, ಬಟ್ಟಲಿನ ಮೇಲೆ ಅಡ್ಡ ಇಡುವುದು ಎಲ್ಲಕ್ಕೂ ಹೆಸರಿದೆ. ತುದಿಯಿಂದ ಅರ್ಧ ಇಂಚಿನಷ್ಟು ಮಾತ್ರ ಒದ್ದೆಯಾಗಬೇಕು, ಹೆಚ್ಚೆಂದರೆ ಒಂದು ಇಂಚು ಎಂಬ ಹಳೆಯ ಮಾತೂ ಇದೆ. ಅನ್ನ ಅಂಗೈಗೆ ಅಂಟಬಾರದು ಎಂದು ಗದರುವ ಅಜ್ಜಿಯರು ನಮ್ಮಲ್ಲಿಲ್ಲವೇ, ಹಾಗೆ. ನಿಜ ಹೇಳಬೇಕೆಂದರೆ, ಈ ಪಟ್ಟಿಯ ಬಹುಪಾಲನ್ನು ಜಪಾನಿನವರೇ ದಿನವೂ ಮುರಿಯುತ್ತಾರೆ. ಊಟದ ಬಿಡುವಿನಲ್ಲಿ ನನ್ನ ಸಹೋದ್ಯೋಗಿಗಳ ಕಡ್ಡಿಗಳು ಬಟ್ಟಲಿನ ಮೇಲೆ ಅಡ್ಡವೇ ಮಲಗಿರುತ್ತಿದ್ದವು. ಪಟ್ಟಿ ಬಾಯಿಪಾಠ ಮಾಡಿ ಜಪಾನಿಗೆ ಹೋಗುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ.

ಆದರೆ ಎರಡನ್ನು ಯಾರೂ ಮುರಿಯುವುದಿಲ್ಲ. ಅನ್ನದಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವುದು ಒಂದು. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತನ್ನು ದಾಟಿಸುವುದು ಇನ್ನೊಂದು. ಇವೆರಡೂ ಸತ್ತವರಿಗೆ ಮೀಸಲು.

ನಾನು ಅಲ್ಲಿದ್ದ ನಾಲ್ಕನೆಯ ಚಳಿಗಾಲದಲ್ಲಿ ಓಯಾಸಾನ್ ತೀರಿಕೊಂಡರು. ಮಗ ದೂರದ ಊರಿನಿಂದ ಬಂದ. ಒಳಕೋಣೆಯಲ್ಲಿ ಅವರನ್ನು ಉತ್ತರಕ್ಕೆ ತಲೆಮಾಡಿ ಮಲಗಿಸಿದ್ದರು. ಬುದ್ಧ ನಿರ್ವಾಣ ಹೊಂದಿದ್ದು ಹಾಗೆ ಮಲಗಿ. ಅದಕ್ಕೇ ಬದುಕಿರುವವರು ಉತ್ತರಕ್ಕೆ ತಲೆ ಹಾಕುವುದಿಲ್ಲ. ನಮ್ಮ ಮನೆಗಳಲ್ಲೂ ಹಾಕಬಾರದು ಎನ್ನುತ್ತಾರೆ, ಕಾರಣ ಬೇರೆ ಹೇಳುತ್ತಾರೆ. ದಿಂಬಿನ ಬಳಿ ಅವರದೇ ಬಟ್ಟಲು, ಅದರಲ್ಲಿ ಗೋಪುರದಂತೆ ಅನ್ನ, ಅನ್ನದ ನಡುವೆ ಅವರ ಕಡ್ಡಿಗಳು ನೆಟ್ಟಗೆ ನಿಂತಿದ್ದವು. ದಿನವೂ ಕಂಡ ಬಟ್ಟಲು, ದಿನವೂ ಕಂಡ ಕಡ್ಡಿ. ಅಡ್ಡ ಇರುತ್ತಿದ್ದದ್ದು ನಿಂತಿತ್ತು, ಅಷ್ಟೇ ವ್ಯತ್ಯಾಸ.

ಚಿತಾಗಾರದಲ್ಲಿ ದಹನ ಮುಗಿದ ಮೇಲೆ ಮೂಳೆಗಳನ್ನು ತಟ್ಟೆಯಂಥ ಹಲಗೆಯ ಮೇಲೆ ತರುತ್ತಾರೆ. ಎಲ್ಲರ ಕೈಗೂ ಉದ್ದದ ಕಡ್ಡಿ ಕೊಡುತ್ತಾರೆ. ಕೆಲವೆಡೆ ಬೇಕೆಂದೇ ಜೋಡಿ ತಪ್ಪಿಸಿ, ಒಂದು ಬಿದಿರಿನದು, ಒಂದು ಮರದ್ದು. ಇಬ್ಬರು ಎದುರುಬದುರು ನಿಂತು ಒಂದು ಮೂಳೆಯನ್ನು ಒಟ್ಟಿಗೆ ಎತ್ತಿ ಮಡಕೆಗೆ ಹಾಕಬೇಕು. ಕೆಲವರು ಕಡ್ಡಿಯಿಂದ ಕಡ್ಡಿಗೆ ದಾಟಿಸುತ್ತಾರೆ. ಪಾದದಿಂದ ಆರಂಭಿಸಿ ಮೇಲಕ್ಕೆ ಹೋಗುತ್ತಾರೆ, ಸತ್ತವರು ಮಡಕೆಯೊಳಗೆ ತಲೆಕೆಳಗಾಗಬಾರದೆಂದು. ಕೊನೆಗೆ 'ನೊದೊಬೊತೊಕೆ', ಗಂಟಲಿನ ಬುದ್ಧ. ಅದು ಕತ್ತಿನ ಎರಡನೆಯ ಕಶೇರು. ಆಕಾರ ಧ್ಯಾನಕ್ಕೆ ಕುಳಿತ ಬುದ್ಧನಂತಿರುತ್ತದೆ. ಹಶಿ ಎಂಬುದಕ್ಕೆ ಸೇತುವೆ ಎಂಬ ಅರ್ಥವೂ ಇದೆ. ಬರೆಯುವ ಅಕ್ಷರ ಬೇರೆ, ಉಚ್ಚಾರದ ಏರಿಳಿತ ಬೇರೆ. ಆಚೆ ದಡಕ್ಕೆ ಸೇತುವೆ ಹಾಕುವುದಕ್ಕೇ ಕಡ್ಡಿ ಎಂದು ಅಲ್ಲಿದ್ದ ಹಿರಿಯರೊಬ್ಬರು ನನಗೆ ಹೇಳಿದರು.

ಸಂಬಂಧಿಕರು ಕಡಿಮೆ ಇದ್ದರು. ಮಗ ನನ್ನನ್ನು ಕರೆದ. ನನ್ನ ಬಲಗೈ ಕಡಲೆಬೀಜದ ಅಭ್ಯಾಸವನ್ನೆಲ್ಲ ಮರೆತು ನಡುಗುತ್ತಿತ್ತು.

ಇದಾದ ಬಳಿಕ ನಾನು ಯಾರ ತಟ್ಟೆಗಾದರೂ ಏನನ್ನಾದರೂ ಕೊಡಬೇಕಾದರೆ ತಟ್ಟೆಯ ಮೇಲೆ ಇಡುತ್ತೇನೆ. ಪಟ್ಟಿ ಓದಿ ಕಲಿತದ್ದಲ್ಲ.

ಅನ್ನದ ಪುಟ್ಟ ಉಂಡೆಯ ಮೇಲೆ ಮೀನಿನ ಚೂರಿಟ್ಟು ಕೊಡುವ ಸುಶಿ ಅಂಗಡಿಯವರು ಅನ್ನವನ್ನು 'ಶರಿ' ಎನ್ನುತ್ತಾರೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದರ ಮೂಲ ನಮ್ಮ 'ಶರೀರ', ಬುದ್ಧನ ಅಸ್ಥಿಯ ಅವಶೇಷಗಳಿಗೆ ಬೌದ್ಧರು ಬಳಸುವ ಪದ. ಬಿಳಿಯ ಸಣ್ಣ ಚೂರುಗಳು ಅಕ್ಕಿಯಂತೆ ಕಂಡದ್ದರಿಂದ ಹೆಸರು ಅನ್ನಕ್ಕೆ ಬಂತೆನ್ನುತ್ತಾರೆ. ಆ ಸುಶಿಯನ್ನು, ನಿಮಗೆ ಸಮಾಧಾನವಾಗಲಿ, ಕೈಯಲ್ಲೇ ತಿನ್ನಬಹುದು. 19ನೇ ಶತಮಾನದ ಆರಂಭದಲ್ಲಿ ಎದೊ ನಗರದ, ಅಂದರೆ ಇಂದಿನ ಟೋಕಿಯೊದ, ಬೀದಿ ಗಾಡಿಗಳಲ್ಲಿ ನಿಂತು ತಿನ್ನುತ್ತಿದ್ದ ತಿಂಡಿ ಅದು. ಸೋಯಾ ಸಾಸಿಗೆ ಮೀನಿನ ಬದಿಯನ್ನು ತಾಗಿಸಬೇಕು, ಅನ್ನದ ಬದಿಯನ್ನು ಅದ್ದಿದರೆ ಉಂಡೆ ಒಡೆಯುತ್ತದೆ. ಸದ್ದಿನ ವಿಷಯವೂ ಹೀಗೆ: ಅಗಿಯುವ ಸದ್ದು ಕೂಡದು, ಆದರೆ ಸೊಬಾ ಶಾವಿಗೆಯನ್ನು ಸೊರ್ರೆಂದು ಎಳೆಯಬೇಕು. ಫುಕುಯಿಯಲ್ಲಿ ತುರಿದ ಮೂಲಂಗಿ ಹಾಕಿ ತಣ್ಣನೆಯ ಸೊಬಾ ಕೊಡುತ್ತಾರೆ. ಸದ್ದು ಮಾಡದೆ ತಿನ್ನುವವನನ್ನು ಅಂಗಡಿಯವನು ಮರುಕದಿಂದ ನೋಡುತ್ತಾನೆ.

ಊಟಕ್ಕೆ ಮುಂಚೆ ಕೈಜೋಡಿಸಿ 'ಇತದಕಿಮಸ್' ಎನ್ನುತ್ತಾರೆ. 'ಪಡೆಯುತ್ತೇನೆ' ಎಂದು ಅನುವಾದಿಸಿದರೆ ಸಪ್ಪೆ. ಆ ಕ್ರಿಯಾಪದದ ಹಳೆಯ ಅರ್ಥ ತಲೆಯ ಮೇಲೆ ಇಟ್ಟುಕೊಳ್ಳುವುದು. ಶಿರಸಾವಹಿಸುತ್ತೇನೆ ಎಂದರೆ ಸರಿಯಾದೀತು. ಮುಗಿದ ಮೇಲೆ 'ಗೊಚಿಸೋಸಮ': ಅದರೊಳಗಿರುವ ಅಕ್ಷರಗಳು ಓಡಾಟವನ್ನು ಸೂಚಿಸುತ್ತವೆ. ನಮಗಾಗಿ ಇಷ್ಟೆಲ್ಲ ಓಡಾಡಿದಿರಲ್ಲ ಎಂದು.

ಕೊನೆಯದಾಗಿ ಒಂದು ಪುಸ್ತಕದ ಮಾತು. ಫುಕುಯಿ ನಗರದಿಂದ ಬೆಟ್ಟದ ಕಡೆ ಹೋದರೆ ಎಯ್‌ಹೇಜಿ ಎಂಬ ಜೆನ್ ಮಠವಿದೆ. (ಈ ಜೆನ್ ಬೇರೆ, ನಮ್ಮ 'ಧ್ಯಾನ'ದಿಂದ ಹೋದದ್ದು.) 1244ರಲ್ಲಿ ಅದನ್ನು ಸ್ಥಾಪಿಸಿದವರು ಡೋಗೆನ್. ಅಲ್ಲಿ ಇಂದಿಗೂ ಊಟವೇ ಒಂದು ಸಾಧನೆ. ಉಣ್ಣುವ ಮುಂಚೆ ಕೆಲವು ಅಗುಳುಗಳನ್ನು ಹಸಿದ ಪ್ರೇತಗಳಿಗೆ ತೆಗೆದಿಡುತ್ತಾರೆ, ಚಿತ್ರಾಹುತಿ ನೋಡಿದವರಿಗೆ ಅಪರಿಚಿತ ಅನ್ನಿಸದು. ಕೊನೆಯಲ್ಲಿ ಬಟ್ಟಲನ್ನು ಬಿಸಿನೀರಿನಿಂದ ತೊಳೆದು ಆ ನೀರನ್ನೂ ಕುಡಿಯುತ್ತಾರೆ. ಗಂಜಿ ಮತ್ತು ಅನ್ನ ಉಣ್ಣುವ ಕ್ರಮದ ಬಗ್ಗೆ ಡೋಗೆನ್ 1246ರಲ್ಲಿ ಒಂದು ಬರಹ ಬರೆದರು. ಬಟ್ಟಲು ಬಿಚ್ಚುವುದು, ಕಡ್ಡಿ ಇಡುವ ದಿಕ್ಕು, ಎಲ್ಲಕ್ಕೂ ಅದರಲ್ಲಿ ನಿಯಮವಿದೆ. ನಡುವೆ ಅವರು ಭಾರತವನ್ನು ನೆನೆಯುತ್ತಾರೆ. ಬುದ್ಧನೂ ಅವನ ಶಿಷ್ಯರೂ ಬಲಗೈಯಲ್ಲಿ ಕಲಸಿ ಉಂಡವರು. ಚಕ್ರವರ್ತಿಗಳೂ ರಾಜರೂ ಕೈಯಲ್ಲೇ ಉಣ್ಣುತ್ತಿದ್ದರು, ಆದ್ದರಿಂದ ಅದೇ ಘನವಾದ ರೀತಿ. ಕಾಯಿಲೆ ಬಿದ್ದ ಭಿಕ್ಷುಗಳು ಮಾತ್ರ ಚಮಚ ಹಿಡಿಯುತ್ತಿದ್ದರು. ಕಡ್ಡಿಯ ಹೆಸರನ್ನೂ ಅಲ್ಲಿ ಯಾರೂ ಕೇಳಿರಲಿಲ್ಲ. ನಾವು ಅದನ್ನು ಬಳಸುವುದು ಈ ನಾಡಿನ ರೂಢಿಯೆಂದು ಅಷ್ಟೇ. ಬುದ್ಧನ ರೀತಿಯನ್ನೇ ಅನುಸರಿಸಬೇಕಿತ್ತು, ಆದರೆ ಕೈಯಲ್ಲಿ ಉಣ್ಣುವ ವಿದ್ಯೆ ನಿಂತುಹೋಗಿ ಬಹಳ ಕಾಲವಾಯಿತು, ಕೇಳಿ ಕಲಿಯೋಣವೆಂದರೆ ಗುರುವಿಲ್ಲ ಎಂದು ಡೋಗೆನ್ ಕೊರಗುತ್ತಾರೆ.

ಈ ಸಭಾಂಗಣದಲ್ಲಿ ಅಂಥ ಗುರುಗಳು ನೂರಕ್ಕೂ ಮಿಕ್ಕಿ ಕುಳಿತಿದ್ದೀರಿ. ಏಳುನೂರೈವತ್ತು ವರ್ಷ ತಡವಾಯಿತು.

(ಪ್ರಶ್ನೋತ್ತರದಲ್ಲಿ ಒಬ್ಬ ಹಿರಿಯರು, ಜಪಾನಿನಲ್ಲಿ ಚಮಚ ಕೇಳಿದರೆ ಅವಮಾನವೇ ಎಂದು ವಿಚಾರಿಸಿದರು. ನನ್ನ ಉತ್ತರ ಹೀಗಿತ್ತು.)

ಖಂಡಿತ ಇಲ್ಲ. ಅವರೇ ಚಮಚದಲ್ಲಿ ತಿನ್ನುವ ಒಂದು ಊಟವಿದೆ, ಅದು ಹೋದದ್ದು ನಮ್ಮ ಹೆಸರಿನಲ್ಲಿ. ಕರಿ ರೈಸ್. ಮೀಜಿ ಕಾಲದಲ್ಲಿ ಬ್ರಿಟಿಷರ ಮೂಲಕ ಬಂತು. ಮುಂದೆ 1927ರಲ್ಲಿ, ದೇಶಭ್ರಷ್ಟರಾಗಿ ಟೋಕಿಯೊ ಸೇರಿದ್ದ ಕ್ರಾಂತಿಕಾರಿ ರಾಸ್ ಬಿಹಾರಿ ಬೋಸ್ ಅವರಿಂದಾಗಿ ಶಿಂಜುಕುವಿನ ನಕಮುರಾಯ ಅಂಗಡಿಯಲ್ಲಿ ಭಾರತೀಯ ರೀತಿಯ ಕರಿ ಸಿಗತೊಡಗಿತು. ಮನೆಮನೆಯ ಕರಿಯಂತೂ ಕಂದು ಬಣ್ಣದ, ಗಟ್ಟಿಯಾದ, ಸ್ವಲ್ಪ ಸಿಹಿಯಾದ ಪದಾರ್ಥ, ನಾವು ಗುರುತಿಸುವುದು ಕಷ್ಟ. ಅದನ್ನು ಚಪ್ಪಟೆ ತಟ್ಟೆಯಲ್ಲಿ ಅನ್ನದ ಪಕ್ಕ ಸುರಿಯುತ್ತಾರೆ. ತಟ್ಟೆಯನ್ನು ಯಾರೂ ಎತ್ತುವುದಿಲ್ಲ.

ಮೊದಲ ಬೇಸಿಗೆಯಲ್ಲಿ ಓಯಾಸಾನ್ ನನಗೆಂದೇ ತರಕಾರಿ ಹಾಕಿ ಕರಿ ಮಾಡಿದ್ದರು. ಬಲಗೈಯಲ್ಲಿ ಚಮಚ ಹಿಡಿದು, ತಲೆ ತಗ್ಗಿಸಿ, ಸಂತೋಷವಾಗಿ ತಿನ್ನುತ್ತಿದ್ದರು. ಎಡಗೈ ಮೇಜಿನ ಕೆಳಗೆ ಮಡಿಲಲ್ಲಿತ್ತು. ನಾನು ನನಗೆ ಬರುತ್ತಿದ್ದ ಅರೆಬರೆ ಜಪಾನಿ ಭಾಷೆಯಲ್ಲಿ ಕೇಳಿದೆ: "ನಿಮ್ಮ ಎಡಗೈಗೆ ನೋವೇ?"

ಅವರು ಚಮಚ ಕೆಳಗಿಟ್ಟು ನಕ್ಕರು. ನಗುವಾಗ ಬಾಯಿ ಮುಚ್ಚಿಕೊಳ್ಳಲು ಆ ಎಡಗೈ ಮೇಲೆ ಬಂತು.